ಬಟವಡೆಯ ಸಂಜೆ

ಗಂಡಸರ ಚಟ ಬಿಡಿಸುವ ಮಾತು ಬಂದರೆ ನಮ್ಮ ಕಡೆ ಹೆಂಗಸರಿಗೆ ಸಿಗುವ ಉಪದೇಶ ಒಂದೇ: ‘ತಾಳಿಕೋ ತಂಗಿ, ದೇವರಿಗೆ ಬೇಡಿಕೋ.’ ಕುಡಿಯುವವನು ಗಂಡ, ಉಪವಾಸ ಮಾಡುವವಳು ಹೆಂಡತಿ. ಸೋಮವಾರ ಶಿವನ ಗುಡಿ ಸುತ್ತುವವಳೂ ಅವಳೇ, ಹುಣ್ಣಿವೆಗೆ ಎಲ್ಲಮ್ಮನ ಗುಡ್ಡ ಹತ್ತುವವಳೂ ಅವಳೇ, ರವಿವಾರ ಚರ್ಚಿನಲ್ಲಿ ಮೊಣಕಾಲೂರಿ ಕಣ್ಣೀರು ಹಾಕುವವಳೂ ಅವಳೇ. ಹರಕೆ ಹೊರಬೇಕಾದವನು ಮಾತ್ರ ಕಟ್ಟೆಯ ಮೇಲೆ ಆರಾಮಾಗಿ ಕೂತಿರುತ್ತಾನೆ. ಹೀಗಾಗಿ ‘ಭಕ್ತಿಯಿಂದ ಕುಡಿತ ಬಿಟ್ಟ’ ಎಂದು ಯಾರಾದರೂ ಹೇಳಿದಾಗ ‘ಯಾರ ಭಕ್ತಿಯಿಂದ?’ ಎಂದು ಕೇಳುವ ಅಭ್ಯಾಸ ನನಗಿದೆ.

ನಾನು ಹಿರೇಹಂದಿಗೋಳದವಳು. ಗದಗಿನ ಪ್ರೌಢಶಾಲೆಗೆ ದಿನಾಲು ಬಸ್ಸಿನಲ್ಲಿ ಹೋಗಿಬರುವುದು. ನಮ್ಮ ಓಣಿಯ ತುದಿಗೆ ಒಂದು ಗೌಂಡಿಯ ಮನೆ. ಮೂಲ ಬೆಟಗೇರಿಯವರು, ಬಾಡಿಗೆ ಕಡಿಮೆಯೆಂದು ಇಲ್ಲಿಗೆ ಬಂದು ನಿಂತವರು. ಹುಟ್ಟಿನಿಂದ ಕ್ರೈಸ್ತರು. ಆತನ ಹೆಸರು ದೀಕ್ಷಾಸ್ನಾನದ ಪುಸ್ತಕದಲ್ಲೂ ಇತ್ತು, ಶೆರೆ ಅಂಗಡಿಯ ಉದ್ರಿ ಪುಸ್ತಕದಲ್ಲೂ ಇತ್ತು. ಮಗಳು ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ಶನಿವಾರ ಬಟವಡೆ ಆದರೆ ಸೋಮವಾರ ಹುಡುಗಿ ಗೈರುಹಾಜರು. ಮೊದಲೆರಡು ಬಾರಿ ಜ್ವರವೆಂದಳು, ಮೂರನೆಯ ಬಾರಿ ಏನೂ ಹೇಳದೆ ನಿಂತಳು. ಮುಂದೆ ತಿಳಿದದ್ದು, ಆಕೆಯನ್ನು ಸಾಲಿ ಬಿಡಿಸಿ ಉಳ್ಳಾಗಡ್ಡಿ ಆರಿಸುವ ಕೂಲಿಗೆ ಹಚ್ಚುವ ಮಾತು ಮನೆಯಲ್ಲಿ ನಡೆದಿತ್ತು.

ಆಗ ಸರಾಯಿ ನಿಷೇಧವಾಗಿ ಕೆಲವು ವರ್ಷಗಳಾಗಿದ್ದವು. 2007ರ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಸರಾಯಿ ನಿಂತಾಗ ಹೆಂಗಸರೆಲ್ಲ ಹಿಗ್ಗಿದ್ದೆವು. ಪ್ಯಾಕೀಟು ಹೋಯಿತು, ಅದರ ಜಾಗಕ್ಕೆ 90 ಮಿಲಿಯ ರಟ್ಟಿನ ಡಬ್ಬಿ ಬಂತು. ರೇಟು ಮಾತ್ರ ಹೆಚ್ಚು. ಕುಡಿಯುವವನ ಕಿಸೆ ಅಷ್ಟು ಬೇಗ ಬರಿದಾಗತೊಡಗಿತು.

ಆತನನ್ನು ಹಿಡಿದು ನಿಲ್ಲಿಸಿದ್ದು ಬೆಟಗೇರಿ ಸಭೆಯ ಒಬ್ಬ ಹಿರಿಯರು, ಕೈಮಗ್ಗ ನೇಯುವ ಮುದುಕರು. ಬೆಟಗೇರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1841ರಲ್ಲಿ. ಆ ಸಭೆ ಈಗ ಸಿ.ಎಸ್.ಐ.ನಲ್ಲಿದೆ. ಈ ಮಿಶನ್ನಿನವರ ಹಳೆಯ ಕಥೆಯೊಂದು ನನಗೆ ಬಹಳ ಮೆಚ್ಚಿಗೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಅಲ್ಲಿ ಅವರ ಸಭೆ ಸೇರಿದವರಲ್ಲಿ ಶೇಂದಿ ಇಳಿಸುವ ಮನೆತನದವರು ಬಹಳ ಜನ. ಶೇಂದಿ ಕುಡಿಯಕೂಡದು, ಇಳಿಸಲೂ ಕೂಡದು ಎಂಬುದು ಸಭೆಯ ಕಟ್ಟಳೆ. ಹಾಗಾದರೆ ಹೊಟ್ಟೆಗೆ? ಬರಿಯ ಉಪದೇಶ ಉಣ್ಣಲು ಬರುವುದಿಲ್ಲವೆಂದು ಅವರಿಗೂ ಬೇಗ ತಿಳಿಯಿತು. 1850ರ ದಶಕದಲ್ಲಿ ನೇಯ್ಗೆಯ ಕಾರ್ಖಾನೆ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮಂಗಳೂರ ಹೆಂಚಿನ ಹಿಂದೆ ಶೇಂದಿ ಬಿಟ್ಟವನ ಹೊಟ್ಟೆಪಾಡೂ ಇದೆ. ಒಂದು ಚಟ, ಒಂದು ಕಸುಬು ಬಿಡು ಎನ್ನುವವರು ಅದು ತುಂಬಿದ್ದ ಜಾಗದಲ್ಲಿ ಏನಿಡಬೇಕೆಂದು ಕೂಡ ಹೇಳಬೇಕಲ್ಲ!

ನಮ್ಮ ಮುದುಕರ ಬಳಿ ಕಾರ್ಖಾನೆ ಇರಲಿಲ್ಲ. ಇದ್ದದ್ದು ಸಂಜೆಯ ಎರಡು ತಾಸು. ‘ಆರರಿಂದ ಎಂಟರ ತನಕ ನಮ್ಮ ಮನ್ಯಾಗ ಕೂಡಬೇಕು, ಚಹಾ ನಂದು’ ಎಂದರು. ಬಟವಡೆಯ ದಿನ ಮೇಸ್ತ್ರಿಯಿಂದ ರೊಕ್ಕ ಇಸಿದುಕೊಳ್ಳಲು ಹೆಂಡತಿಯನ್ನು ಜೊತೆಗೆ ನಿಲ್ಲಿಸಿದರು. ಪ್ರಾರ್ಥನೆಯನ್ನು ಆತನ ಪರವಾಗಿ ತಾವು ಮಾಡಲಿಲ್ಲ, ಆಕೆಯಿಂದಲೂ ಮಾಡಿಸಲಿಲ್ಲ. ‘ಕುಡದಾಂವ ನೀ, ಬೇಡಾಂವನೂ ನೀನ’ ಎಂದರು. ಆತನಿಗೆ ಪ್ರಾರ್ಥನೆ ಎಲ್ಲಿ ಬರಬೇಕು? ‘ಸ್ವಾಮೀ, ಇವತ್ತಿನ ಸಂಜೀ ದಾಟಸು’ ಎಂದನಂತೆ. ಮುಂದೆ ಎಷ್ಟೋ ದಿನ ಅದೇ ಒಂದು ಸಾಲು.

ಇಲ್ಲಿ ಓದುಗ ತಾಯಂದಿರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕುಡಿತ ನಿಲ್ಲಿಸಿದ ಮೂರನೆಯ ರಾತ್ರಿ ಆತ ಗಡಗಡ ನಡುಗಿದ, ಮೈಯೆಲ್ಲ ಬೆವರು, ಗೋಡೆಯ ಮೇಲೆ ಇರುವೆ ಸಾಲು ಹೊಂಟಿದೆ ಎಂದು ಚೀರಿದ. ದೆವ್ವ ಬಡಿದಿದೆ ಎಂದರು ನೆರೆಯವರು. ಶೆರೆ ಬಿಟ್ಟದ್ದೇ ತಪ್ಪಾಯಿತು, ಒಂದು ಗುಟುಕು ಕುಡಿಸಿರಿ ಎಂದವರೂ ಇದ್ದರು. ಮುದುಕರು ಬಂದವರೇ, ಪ್ರಾರ್ಥನೆ ಆಮೇಲೆ ಎಂದು ಟಂಟಂ ತರಿಸಿ ಆಸ್ಪತ್ರೆಗೆ ಒಯ್ದರು. ಬಹಳ ವರ್ಷ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ನಡುಕ, ಫಿಟ್ಸು, ಇಲ್ಲದ್ದು ಕಾಣುವುದು ಇವೆಲ್ಲ ಆಗಬಹುದು. ಒಮ್ಮೊಮ್ಮೆ ಜೀವಕ್ಕೇ ಅಪಾಯ. ಅದಕ್ಕೆ ಔಷಧ ಉಂಟು, ಬಿ-1 ಜೀವಸತ್ವದ ಚುಚ್ಚುಮದ್ದು ಉಂಟು. ಕುಡಿತ ಬಿಡುವ ಮೊದಲೇ ಡಾಕ್ಟರರನ್ನು ಕಾಣಬೇಕು. ಭಕ್ತಿಯುಳ್ಳವರು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ದೇವರಿಗೇನೂ ಅವಮಾನವಿಲ್ಲ.

ನಾಲ್ಕು ತಿಂಗಳು ಸರಿಯಾಗಿ ನಡೆಯಿತು. ಕ್ರಿಸ್‌ಮಸ್ಸಿಗೆ ಬೀಗರು ಬಂದರು, ಆತ ಮತ್ತೆ ಕುಡಿದ. ಊರವರು ನಕ್ಕರು. ಮರುದಿನ ಮುದುಕರು ಬೈಯಲಿಲ್ಲ, ಎಲ್ಲಿ ಕುಡಿದೆ, ಯಾರ ಕೂಡ, ರೊಕ್ಕ ಎಲ್ಲಿಯದು ಎಂದು ಒಂದೊಂದಾಗಿ ಕೇಳಿ, ಅವಷ್ಟನ್ನೂ ಹೆಂಡತಿಯ ಎದುರಿಗೆ ಆತನ ಬಾಯಿಂದಲೇ ಹೇಳಿಸಿದರಂತೆ. ‘ಬೈದಿದ್ರ ಚೊಲೋ ಇತ್ರೀ’ ಎಂದು ಆತ ನನ್ನೆದುರು ಹೇಳಿದ್ದಾನೆ.

ಇದೆಲ್ಲ ಆ ಮುದುಕರಿಗೆ ತಾನೇ ಹೊಳೆದದ್ದೋ, ಯಾರಾದರೂ ಕಲಿಸಿದ್ದೋ ಕಾಣೆ. ಆದರೆ ಅಮೆರಿಕದಲ್ಲಿ ಇಂಥದೇ ದಾರಿ ಎಂದೋ ಹುಟ್ಟಿದೆ. 1935ರಲ್ಲಿ ಅಕ್ರನ್ ಎಂಬ ಊರಲ್ಲಿ ಬಿಲ್ ವಿಲ್ಸನ್ ಎಂಬ ಕುಡುಕ ಬಾಬ್ ಸ್ಮಿತ್ ಎಂಬ ಕುಡುಕ ಡಾಕ್ಟರನನ್ನು ಕಂಡ. ಇಬ್ಬರೂ ತಮ್ಮ ತಮ್ಮ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹೀಗೆ. ಫ್ರಾಂಕ್ ಬುಕ್‌ಮನ್ ಎಂಬ ಲೂಥರನ್ ಪಾದ್ರಿ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿ ಇಬ್ಬರೂ ಇದ್ದವರು. ನನ್ನ ಕೈಲಾಗದು ಎಂದು ಒಪ್ಪಿಕೊಳ್ಳುವುದು, ತಪ್ಪನ್ನು ಇನ್ನೊಬ್ಬರೆದುರು ಹೇಳುವುದು, ನೋಯಿಸಿದವರಿಗೆ ನಷ್ಟ ತುಂಬಿಕೊಡುವುದು ಇವೆಲ್ಲ ಅಲ್ಲಿಂದಲೇ ಬಂದವು. ಮುಂದೆ ಎಲ್ಲ ಮತದವರೂ ಬರಲೆಂದು ದೇವರಿಗೆ ಇಂಥದೇ ಹೆಸರೆಂಬ ಕಟ್ಟು ಬಿಟ್ಟರು. ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಸಂಘ ಕಟ್ಟಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅವನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ವಾಸಿ ಮಾಡುವುದೂ ನಿನ್ನ ಕೈಯಲ್ಲಿಲ್ಲ ಎಂದು ಅಲ್ಲಿ ಹೇಳುತ್ತಾರೆ. ನಮ್ಮ ಅತ್ತೆಯಂದಿರು ಕೇಳಬೇಕು ಇದನ್ನು!

ಕ್ರೈಸ್ತರಲ್ಲೇ ಈ ದಾರಿ ಎಂದು ನಾನು ಹೇಳುತ್ತಿಲ್ಲ. ನಾನು ವಿಭೂತಿ ಹಚ್ಚುವ ಮನೆತನದವಳು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೂ ಕುಡಿಯುವವನು ತಾನೇ ಎದ್ದು ಬಂದು ಹಾಕಬೇಕು. ಹೆಂಡತಿ ಹಾಕಿದರೆ ನಡೆಯದು.

ಗೌಂಡಿ ಆಮೇಲೆ ಕುಡಿದಿಲ್ಲ. ಮುದುಕರು ಈಗಿಲ್ಲ, ಅವರ ಪಡಸಾಲೆಯಲ್ಲಿ ಆತನೇ ಬೇರೆ ಇಬ್ಬರನ್ನು ಕೂಡಿಸಿಕೊಂಡು ಚಹಾ ಕುಡಿಯುತ್ತಾನೆ. ರವಿವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾನಂತೆ, ಜನ ಕಣ್ಣೊರೆಸಿಕೊಳ್ಳುತ್ತಾರಂತೆ. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿ ಓದಿದಳು. ಆಕೆಗೆ ಮದುವೆಯೂ ಆಯಿತು. ಈಗಲೂ ತವರಿಗೆ ಬಂದಾಗ ಅಪ್ಪ ಹೊಸ್ತಿಲು ದಾಟಿದರೆ ಒಂದು ಗಳಿಗೆ ಮಾತು ನಿಲ್ಲಿಸಿ ವಾಸನೆ ನೋಡುತ್ತಾಳೆ. ಆತ ಅದನ್ನು ಕಂಡೂ ಕಾಣದವನಂತೆ ಕಾಲು ತೊಳೆಯಲು ಹೋಗುತ್ತಾನೆ.

ಹೆಂಡತಿಯನ್ನು ಒಮ್ಮೆ ಕೇಳಿದೆ, ‘ಈಗ ಮನಸ್ಸು ಹಗುರಾತೇನ ತಂಗಿ?’

‘ದೇವರು ಕ್ಷಮಾ ಮಾಡ್ಯಾನಂತ ಸಭಾಪಾಲಕರು ಹೇಳ್ತಾರ್ರಿ ಅಕ್ಕೋರ. ಮಾಡಿರಬೇಕು. ನಾ ಇನ್ನೂ ಲೆಕ್ಕಾ ಹಚ್ಚಾಕತ್ತೇನಿ’ ಎಂದಳು.

ಲೆಕ್ಕವೆಂದರೆ ಬಾಯಿಮಾತಲ್ಲ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಶೆರೆಗೆ ಹೋದ ಸಾಮಾನೆಲ್ಲ ಬರೆಸಿಟ್ಟಿದ್ದಾಳೆ. ಹಿತ್ತಾಳಿ ಹಂಡೆ, ಎರಡು ತಾಮ್ರದ ಕೊಡ, ಕಿವಿಯ ಬೆಂಡೋಲೆ, ಒಂದು ಆಡು. ಬಟವಡೆಯಲ್ಲಿ ಉಳಿಸಿ ಆತ ಒಂದೊಂದೇ ತಂದುಕೊಟ್ಟ ಹಾಗೆ ಗೀಟು ಹಾಕಿಸುತ್ತಾಳೆ. ಹಂಡೆ ಬಂದಿದೆ, ಕೊಡಗಳು ಬಂದಿವೆ. ಬೆಂಡೋಲೆ ಇನ್ನೂ ಬರಬೇಕು.