ಗೋಡೆಯ ಮೇಲೆ ಇಳಿದ ಗೋಪುರ

ಡಿಸೆಂಬರಿನ ಬೆಳಗಿನಲ್ಲಿ ಹೊಸಪೇಟೆಯಲ್ಲಿ ರೈಲಿಳಿದು ಹಂಪಿಯ ಬಸ್ಸು ಹತ್ತಿದೆ. ಕ್ಯಾಮೆರಾ ಕೊಂಡು ಎರಡು ತಿಂಗಳಾಗಿತ್ತು. ಅಷ್ಟೂ ದಿನ ಅದು ಆಟೋ ಮೋಡ್‌ನಲ್ಲೇ ಇತ್ತು. ಈ ಎರಡು ದಿನ ಮಾತ್ರ ಎಲ್ಲವನ್ನೂ ನಾನೇ ಹೊಂದಿಸಿಕೊಂಡು ಕಲಿಯಬೇಕೆಂದು ಹೊರಟಿದ್ದೆ.

ಮೊದಲ ಪಾಠ ವಿರೂಪಾಕ್ಷ ದೇವಸ್ಥಾನದಲ್ಲೇ ಸಿಕ್ಕಿತು. ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಹಿರಿಯರೊಬ್ಬರು, "ಬರ್ರಿ, ಈ ಗ್ವಾಡಿ ಮ್ಯಾಲೆ ನೋಡ್ರಿ" ಎಂದು ಕರೆದರು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಂಡಿತು: ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಇಳಿದಿತ್ತು. ಎದುರಿಗಿದ್ದದ್ದು ಒಂದು ಪುಟ್ಟ ಕಿಂಡಿ. ಬೆಳಕು ನೇರವಾಗಿಯೇ ಸಾಗುವುದರಿಂದ ಗೋಪುರದ ತುದಿಯ ಬೆಳಕು ಕಿಂಡಿ ದಾಟಿ ಕೆಳಕ್ಕೆ ಬೀಳುತ್ತದೆ, ಬುಡದ್ದು ಮೇಲಕ್ಕೆ. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹತ್ತದಿದ್ದ ಅಪರ್ಚರ್ ಅಲ್ಲಿ ಅರ್ಥವಾಯಿತು. ಅದೂ ಒಂದು ಕಿಂಡಿಯೇ. ಎಫ್/2.8 ದೊಡ್ಡದು, ಎಫ್/11 ಸಣ್ಣದು. ಕಿಂಡಿ ಕಿರಿದಾದಷ್ಟೂ ಬೆಳಕು ಕಡಿಮೆ, ಆದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟ.

ಮಧ್ಯಾಹ್ನ ವಿಠ್ಠಲ ದೇವಸ್ಥಾನ. 50 ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥದ ದಕ್ಷಿಣ ಬದಿಯ ಚಕ್ರವನ್ನು ತೆಗೆದೆ. ಬಿಸಿಲು ನೇರ ಮುಖಕ್ಕೆ ಬಡಿಯುತ್ತಿದ್ದುದರಿಂದ ಕೆತ್ತನೆಯೆಲ್ಲ ಸಪ್ಪೆಯಾಗಿತ್ತು. ಮಂಟಪದ ನೆರಳಲ್ಲಿ ಕೂತು ಕಾದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದಿದ್ದರು. ಅವರ ಚಿತ್ರದಲ್ಲಿ ಈ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ, ಚಿತ್ರವಷ್ಟೇ ಉಳಿದಿದೆ. ತಾಳ್ಮೆಯಿಂದ ತೆಗೆದ ಒಂದು ಫೋಟೊಗೆ ಎಷ್ಟು ಬೆಲೆಯಿದೆ ಎನ್ನಿಸಿತು. ನಾಲ್ಕೂವರೆಗೆ ಬಿಸಿಲು ಪಕ್ಕದಿಂದ ಸವರಿಕೊಂಡು ಬಂತು. ಅದೇ ಚಕ್ರದ ಸುತ್ತಿನ ಹೂಕೆತ್ತನೆ ಒಂದೊಂದು ಎಸಳಿಗೂ ಒಂದೊಂದು ನೆರಳು ಹೊತ್ತು ಎದ್ದು ನಿಂತಿತು. ಕ್ಯಾಮೆರಾ ಅದೇ, ಕೂತ ಜಾಗವೂ ಅದೇ. ಬದಲಾದದ್ದು ಬೆಳಕು ಮಾತ್ರ.

ಮರುದಿನ ನಸುಕಿನಲ್ಲಿ ಟಾರ್ಚ್ ಹಿಡಿದು ಮಾತಂಗ ಬೆಟ್ಟ ಹತ್ತಿದೆ. ಮಬ್ಬುಗತ್ತಲಲ್ಲಿ ಷಟರ್ ನಿಧಾನವಾಗಿ ಮೊದಲ ಚಿತ್ರಗಳು ಅಲುಗಿಹೋದವು. 50 ಎಂ.ಎಂ. ಲೆನ್ಸ್ ಕೈಯಲ್ಲಿ ಹಿಡಿದಾಗ ಷಟರ್ ಸೆಕೆಂಡಿನ 1/50 ಭಾಗಕ್ಕಿಂತ ನಿಧಾನವಾಗಬಾರದೆಂಬ ರೂಢಿಯ ಸೂತ್ರ ನೆನಪಾಯಿತು. ಐಎಸ್ಒ 800ಕ್ಕೆ ಏರಿಸಿ, ಚೀಲವನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಊರಿದೆ. ಸೂರ್ಯ ಮೂಡಿದಾಗ ಆಕಾಶ ಬೆಳ್ಳಗೆ ಸುಟ್ಟಂತಾಯಿತು. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿದೆ. ಕೆಂಪು ಮರಳಿ ಬಂತು. ಕೆಳಗೆ ಅಚ್ಯುತರಾಯ ದೇವಸ್ಥಾನ ಮಂಜಿನಿಂದ ಮೆಲ್ಲಗೆ ತಲೆಯೆತ್ತುತ್ತಿತ್ತು.

ಹೊಸದಾಗಿ ಫೋಟೊ ಕಲಿಯುವವರಿಗೆ ನಾನು ಹೇಳುವುದಿಷ್ಟೇ: ಇನ್ನೊಂದು ಲೆನ್ಸ್ ಕೊಳ್ಳುವ ಮುಂಚೆ ನಿಮಗಿಷ್ಟವಾದ ಒಂದು ಕಲ್ಲಿನ ಬಳಿಗೋ ಮರದ ಬಳಿಗೋ ದಿನಕ್ಕೆ ಮೂರು ಸಲ ಹೋಗಿ. ಊರಿಗೆ ಮರಳುವ ಮುನ್ನ ನಾನೂ ಆ ಕತ್ತಲೆ ಕೋಣೆಗೆ ಮತ್ತೊಮ್ಮೆ ಹೋದೆ. ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು, ಗೋಪುರ ಗೋಡೆಯಿಂದ ಮಾಸುವವರೆಗೂ ನೋಡುತ್ತ ನಿಂತೆ.