ಒಲೆಯ ಸಂಸ್ಕಾರ

ಸಂಸ್ಕಾರವೆಂಬುದು ಎರಡು ಬಗೆ: ದೋಷವನ್ನು ಕಳೆಯುವುದೊಂದು, ಗುಣವನ್ನು ತುಂಬುವುದಿನ್ನೊಂದು. ಶಾಲೆಯಲ್ಲಿ ಇದನ್ನು ನಾವು ಎಷ್ಟೋ ಸಲ ಬೋಧಿಸಿದ್ದೆವು. ಇದರ ಅರ್ಥವು ನಮಗೆ ಮನದಟ್ಟಾದುದು ಮಾತ್ರ ನಿವೃತ್ತಿಯ ಅನಂತರ, ನಮ್ಮ ಮನೆಯ ಅಡಿಗೆಯ ಕೋಣೆಯಲ್ಲಿ.

ಕಳೆದ ಚಳಿಗಾಲದಲ್ಲಿ ನಮ್ಮ ಗೃಹಿಣಿಯು ಜಾರಿಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡಳು. 6 ವಾರಗಳ ಕಾಲ ಕೈಗೆ ಕಟ್ಟು. ಅಡಿಗೆಯ ಭಾರವು ನಮ್ಮದಾಯಿತು. ಹಾಲು ಉಕ್ಕಿತು, ಸಾರು ಚೆಲ್ಲಿತು. ಕೆಲವೇ ದಿನಗಳಲ್ಲಿ ಗ್ಯಾಸಿನ ಉರಿ ಹಳದಿಗೆ ತಿರುಗಿ, ಪಾತ್ರೆಗಳ ತಳವೆಲ್ಲ ಮಸಿಯಾಯಿತು.

"ಉರಿ ನೀಲಿಯಾಗಿರಬೇಕು. ಬರ್ನರಿನ ಕಣ್ಣು ಕಟ್ಟಿವೆ, ನೋಡಿ" ಎಂದು ಆಕೆ ಕುಳಿತಲ್ಲಿಂದಲೇ ಹೇಳಿದಳು. ಗ್ಯಾಸಿಗೆ ಗಾಳಿ ಸಾಕಷ್ಟು ಬೆರೆಯದಿದ್ದರೆ ಅದು ಪೂರ್ತಿಯಾಗಿ ಉರಿಯದು. ಮಸಿಯೊಡನೆ ವಾಸನೆಯೇ ಇಲ್ಲದ ವಿಷವಾಯುವೂ ಹುಟ್ಟುವುದು. ಆದುದರಿಂದ ಈ ಕೆಲಸವು ಬರಿಯ ಅಂದಕ್ಕಾಗಿ ಅಲ್ಲ. ಸಿಲಿಂಡರಿನ ರೆಗ್ಯುಲೇಟರನ್ನು ನಿಲ್ಲಿಸಿ, ಒಲೆ ಆರಿದ ಬಳಿಕ ಹಿತ್ತಾಳೆಯ ಬರ್ನರುಗಳನ್ನು ತೆಗೆದು, ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟೆವು. ಒಂದೊಂದು ರಂಧ್ರವನ್ನೂ ಗುಂಡುಸೂಜಿಯಿಂದ ಬಿಡಿಸಿದೆವು. ಬೆಂಕಿಕಡ್ಡಿಯನ್ನು ತೂರಿಸಬಾರದು, ಅದು ಮುರಿದು ಒಳಗೇ ಉಳಿಯುವುದು. ತೊಳೆದು, ತೇವವು ಪೂರ್ತಿ ಆರಿದ ಮೇಲೆ ಮತ್ತೆ ಕೂಡಿಸಿ ಹಚ್ಚಿದಾಗ ಉರಿ ನೀಲಿಯಾಗಿ ನಿಂತಿತು. ಬದನೆಕಾಯಿ ಸುಡುವ ತಂತಿಯ ಜಾಲರಿಯನ್ನೂ ಸೋಡಾಪುಡಿಯ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದೆವು. ಕರಿಯೆಲ್ಲ ಕಳಚಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಕೆ ಮಲಗಿದ್ದ ಸಮಯದಲ್ಲಿ ನಮ್ಮ ದೃಷ್ಟಿಯು ದೋಸೆಯ ಕಾವಲಿಯ ಮೇಲೆ ಬಿತ್ತು. ಅದು ನಮ್ಮ ತಾಯಿಯವರ ಕಾಲದ ಬೀಡಿನ ಕಾವಲಿ, ಕಾಡಿಗೆಯಂತೆ ಕಪ್ಪು. ಹುಣಿಸೆಹಣ್ಣನ್ನೂ ತಂತಿಯ ಜುಂಗನ್ನೂ ಹಿಡಿದು ಒಂದು ಗಂಟೆ ತಿಕ್ಕಿ, ಬೂದುಬಣ್ಣದ ಲೋಹವು ಕಾಣುವಂತೆ ಮಾಡಿ, ಬಹುಮಾನವನ್ನು ನಿರೀಕ್ಷಿಸುವ ಹುಡುಗನಂತೆ ಆಕೆಯ ಮುಂದೆ ಹಿಡಿದೆವು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಎಡಗೈಯಿಂದ ಅದನ್ನು ಸವರಿ, "ಅತ್ತೆಯವರು ಇದನ್ನು ಸೋಪಿಗೂ ಮುಟ್ಟಿಸಿದವರಲ್ಲ" ಎಂದಳು. ಮರುದಿನ ಹುಯ್ದ ದೋಸೆಗಳೆಲ್ಲ ತುಂಡುತುಂಡಾಗಿ ಎದ್ದುವು.

ಆ ಕಪ್ಪು ಕೊಳೆಯಾಗಿರಲಿಲ್ಲ. ಎಣ್ಣೆಯ ತೆಳುಲೇಪವು ಕಾವಿನಲ್ಲಿ ಗಟ್ಟಿಗೊಂಡು, ಪದರದ ಮೇಲೆ ಪದರವಾಗಿ ಕಬ್ಬಿಣವನ್ನು ಹಿಡಿದಿತ್ತು. ತುಕ್ಕನ್ನು ತಡೆಯುತ್ತಿದ್ದುದೂ ದೋಸೆಯನ್ನು ಬಿಡಿಸುತ್ತಿದ್ದುದೂ ಅದೇ. ಹುಣಿಸೆಯ ಹುಳಿಯೂ ನಮ್ಮ ಉತ್ಸಾಹವೂ ಕೂಡಿ ಇಬ್ಬರು ಹೆಂಗಸರ ಒಂದು ಜೀವಮಾನದ ದುಡಿಮೆಯನ್ನು ಒಂದು ಗಂಟೆಯಲ್ಲಿ ಅಳಿಸಿದ್ದುವು.

ಆಕೆ ನಮ್ಮನ್ನು ಬೈಯಲಿಲ್ಲ, ಪಾಠ ಹೇಳಿದಳು. ಕಾವಲಿಯನ್ನು ತೊಳೆದೊಡನೆ ಒಲೆಯ ಮೇಲಿಟ್ಟು ತೇವ ಆರಿಸುವುದು, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರುವುದು, ಎಣ್ಣೆ ಉಳಿದೇ ಇಲ್ಲವೆಂಬಂತೆ ಬಟ್ಟೆಯಿಂದ ಒರಸುವುದು, ಹೊಗೆಯಾಡುವವರೆಗೆ ಕಾಯಿಸಿ ಆರಲು ಬಿಡುವುದು, ಮತ್ತೆ ಮೊದಲಿನಿಂದ. ಅಂದಿನಿಂದ ಈ ಕೆಲಸವು ನಮ್ಮ ಪಾಲಿಗೆ ಬಂದಿದೆ. ಆಕೆಯ ಕೈ ಗುಣವಾಗಿ ತಿಂಗಳುಗಳೇ ಆದರೂ ನಾವು ಅದನ್ನು ಬಿಟ್ಟುಕೊಟ್ಟಿಲ್ಲ.

ಮೊನ್ನೆ ಒಂದು ದೋಸೆ ಹರಿಯದೆ ಎದ್ದಿತು. ಆಕೆ ಅದನ್ನು ನಮ್ಮ ತಟ್ಟೆಗೇ ಹಾಕಿದಳು.