ಕ್ರಾಸಿಂಗಿಗೆ ನಿಂತ ಗಾಡಿ

ರೈಲು ಓಡುವುದನ್ನು ನೋಡಿ ಖುಷಿಪಡುವವರೇ ಎಲ್ಲರೂ. ಅದು ನಿಂತಿರುವ ಚೆಂದ ನನಗೆ ಚೆನ್ನಾಗಿ ಕಂಡದ್ದು ಮೇಜಿನ ಮೇಲೆ ಗೇಣುದ್ದದ ಎಂಜಿನ್ನೊಂದು ಬಂದು ಕೂತ ಮೇಲೆ. ಅದು ನಿಂತಾಗಲೂ ಮುಂದಿನ ದೀಪ ಉರಿಯುತ್ತಿರುತ್ತದೆ, ಹೊಟ್ಟೆಯೊಳಗೆ ಗುಡುಗುಡು ನಡೆದೇ ಇರುತ್ತದೆ. ಎದುರು ಗಾಡಿ ದಾಟಿಹೋಗುವ ತನಕ ಅದಕ್ಕೆ ಯಾವ ಅವಸರವೂ ಇಲ್ಲ.

ಕ್ರಾಸಿಂಗಿಗೆ ಕಾಯುವುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರು–ಮೈಸೂರು ನಡುವೆ ಒಂಟಿ ಹಳಿ ಇದ್ದ ಕಾಲದಲ್ಲಿ ಪಾಂಡವಪುರದಲ್ಲೋ ಶ್ರೀರಂಗಪಟ್ಟಣದಲ್ಲೋ ಗಾಡಿ ನಿಂತುಬಿಡುತ್ತಿತ್ತು. ಜನ ಇಳಿದು ಕಾಲು ಆಡಿಸಿ, ಕಡಲೆಕಾಯಿ ಬಿಡಿಸುತ್ತ ಎಂಜಿನ್ನಿನ ತನಕ ನಡೆದು ಬರುತ್ತಿದ್ದರು. ಜೋಡಿಹಳಿಗೆ ಕೊನೆಯವರೆಗೂ ಅಡ್ಡವಾಗಿದ್ದದ್ದು ಶ್ರೀರಂಗಪಟ್ಟಣದ ನಿಲ್ದಾಣದ ಪಕ್ಕದ ಟಿಪ್ಪುವಿನ ಮದ್ದಿನ ಮನೆ. 2017ರಲ್ಲಿ ಆ ಇಡೀ ಕಟ್ಟಡವನ್ನು ಒಡೆಯದೆ, ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿ ಕೂರಿಸಿದರು. ಹಳಿ ಎರಡಾಯಿತು, ಮೇಲೆ ವಿದ್ಯುತ್ ತಂತಿ ಬಂತು. 2022ರ ನವೆಂಬರಿನಿಂದ ಓಡುತ್ತಿರುವ ಚೆನ್ನೈ–ಮೈಸೂರು ವಂದೇ ಭಾರತ್ ಇಲ್ಲಿ ನಿಲ್ಲುವುದೂ ಇಲ್ಲ. ಪಕ್ಕದ ಕರಿಘಟ್ಟ ಬೆಟ್ಟದ ನಾನೂರೈವತ್ತರಷ್ಟು ಮೆಟ್ಟಿಲು ಹತ್ತಿ, ವೆಂಕಟರಮಣನಿಗೆ ಕೈಮುಗಿದು, ಪಡುವಣಕ್ಕೆ ತಿರುಗಿ ನಿಂತರೆ ಕಾವೇರಿಯ ನಡುಗಡ್ಡೆ, ರಂಗನಾಥನ ಗೋಪುರ, ಮಸೀದಿಯ ಮಿನಾರುಗಳು. ಆ ಹರಹಿನೊಳಗೆ ಗಾಡಿ ನೋಡನೋಡುತ್ತಲೇ ಬಂದು ಹೋಗಿರುತ್ತದೆ.

ನನಗೆ ಬೇಕಿದ್ದದ್ದು ಆ ಹಳೆಯ ನಿಲುಗಡೆ. ಅದಕ್ಕೇ ಡಿಜಿಟಲ್ ಎಂಜಿನ್ನು ಕೊಂಡೆ. ಹಳೆಯ ರೀತಿಯ ಮಾದರಿ ರೈಲಿನಲ್ಲಿ ಹಳಿಗೆ ಹೆಚ್ಚು ವೋಲ್ಟು ಕೊಟ್ಟರೆ ಓಟ, ಕಡಿಮೆ ಮಾಡಿದರೆ ನಿಧಾನ. ಕರೆಂಟು ತೆಗೆದರೆ ಓಟದ ಜೊತೆಗೆ ದೀಪವೂ ಹೋಯಿತು. ಡಿಜಿಟಲ್ ಪದ್ಧತಿಯಲ್ಲಿ ಹಳಿಯ ಮೇಲೆ ಸದಾ ಹದಿನೈದು ವೋಲ್ಟಿನ ಆಸುಪಾಸು ಕರೆಂಟು ಇದ್ದೇ ಇರುತ್ತದೆ. ಅದು ತಿರುವುಮುರುವಾಗುವ ವೇಗದಲ್ಲೇ ಅಪ್ಪಣೆ ಅಡಗಿದೆ: ಅರ್ಧ ಅಲೆ 58 ಮೈಕ್ರೊಸೆಕೆಂಡಾದರೆ ಒಂದು, ನೂರರಷ್ಟು ಉದ್ದವಾದರೆ ಸೊನ್ನೆ. ಎಂಜಿನ್ನಿನೊಳಗೆ ಕೂತ ಡಿಕೋಡರ್ ಈ ಒಂದು–ಸೊನ್ನೆಗಳನ್ನು ಓದಿ ಮೋಟಾರಿಗೂ ದೀಪಕ್ಕೂ ಸ್ಪೀಕರಿಗೂ ಕೆಲಸ ಹಂಚುತ್ತದೆ. ಜರ್ಮನಿಯ ಲೆಂಜ್ ಕಂಪನಿ ಕಟ್ಟಿದ ಈ ವ್ಯವಸ್ಥೆಯನ್ನು ಅಮೆರಿಕದ ಮಾದರಿ ರೈಲು ಸಂಘ 1990ರ ದಶಕದಲ್ಲಿ ಎಲ್ಲರಿಗೂ ಸಲ್ಲುವ ಮಾನಕ ಮಾಡಿತು. ಹಾಗಾಗಿ ಯಾವ ಕಂಪನಿಯ ಎಂಜಿನ್ನಾದರೂ ಇನ್ನಾವುದೋ ಕಂಪನಿಯ ನಿಯಂತ್ರಣ ಪೆಟ್ಟಿಗೆಯ ಮಾತು ಕೇಳುತ್ತದೆ.

"ಎರಡ್ಕೂ ಕಂಬಿ ಒಂದೇ ತಾನೆ ಮಾಮ? ಒಂದು ನಿಂತ್ಕಂಡು ಇನ್ನೊಂದು ಎಂಗೆ ಓಯ್ತದೆ?" ಎಂದು ಮೇಜಿನ ಮೇಲಿನ ಎರಡು ಎಂಜಿನ್ನು ನೋಡಿ ಪಕ್ಕದ ಮನೆಯ ಹುಡುಗ ಕೇಳಿದ.

"ಮೇಷ್ಟ್ರು ಹಾಜರಿ ಕೂಗ್ವಾಗ ನಿನ್ನ ನಂಬರಿಗೆ ತಾನೆ ನೀನು ಎಸ್ ಸಾರ್ ಅನ್ನೋದು? ಹಂಗೇ ಕಣಪ್ಪ" ಎಂದೆ.

ಕಾರ್ಖಾನೆಯಿಂದ ಬರುವಾಗ ಎಲ್ಲ ಎಂಜಿನ್ನಿಗೂ ನಂಬರು 3. ಮೊದಲ ಕೆಲಸ ಅದನ್ನು ಬದಲಿಸುವುದು. ನನ್ನದು ಆಲ್ಕೊ ಕಂಪನಿಯ ಜಾತಿಯ, ಆರು ಅಚ್ಚಿನ ಡೀಸೆಲ್. ಅದೇ ಕಂಪನಿಯ ತಂತ್ರಜ್ಞಾನದಿಂದ ವಾರಾಣಸಿಯ ಕಾರ್ಖಾನೆ 1964ರಿಂದ ಕಟ್ಟಿದ, 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ–2 ಎಂಜಿನ್ನುಗಳು ದೇಶದ ಉದ್ದಗಲಕ್ಕೂ ಗಾಡಿ ಎಳೆದಿವೆ. ಅವುಗಳಿಗೆ ಐದಂಕಿಯ ಸಂಖ್ಯೆ, ಡಿಕೋಡರಿನಲ್ಲಿ ಅಷ್ಟು ದೊಡ್ಡ ವಿಳಾಸ ಕೂರುವುದಿಲ್ಲ. ಕೊನೆಯ ನಾಲ್ಕು ಅಂಕಿ ಕೊಟ್ಟೆ.

ಆಮೇಲಿನದು ತೂಕ ಕಲಿಸುವ ಕೆಲಸ. ನಿಜವಾದ ಡಬ್ಲ್ಯುಡಿಎಂ–2ರ ತೂಕ ನೂರಹನ್ನೆರಡು ಟನ್ನು ಮೀರುತ್ತದೆ. ಅಂಥದ್ದು ಥಟ್ಟನೆ ಹೊರಡಲಾರದು, ಥಟ್ಟನೆ ನಿಲ್ಲಲಾರದು. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ಮಾದರಿಗೆ ಆ ಗಾಂಭೀರ್ಯವನ್ನು ನಾವೇ ತುಂಬಬೇಕು. ಡಿಕೋಡರಿನ ಸಿವಿ ಎಂಬ ಖಾನೆಗಳಲ್ಲಿ ಮೂರನೆಯದು ವೇಗ ಏರುವ ನಿಧಾನ, ನಾಲ್ಕನೆಯದು ಇಳಿಯುವ ನಿಧಾನ, ಐದನೆಯದು ಕಡೆಯ ಮಿತಿ. ಅಳತೆ 1:87 ಆದ್ದರಿಂದ ಗಂಟೆಗೆ ನೂರು ಕಿಲೋಮೀಟರಿನ ಓಟವೆಂದರೆ ಮೇಜಿನ ಮೇಲೆ ಒಂದು ಮೀಟರಿಗೆ ಮೂರು ಸೆಕೆಂಡು. ನಿಲ್ದಾಣದೊಳಕ್ಕೆ ಮೂವತ್ತರಲ್ಲಿ ಬರುವ ಗಾಡಿಗೆ ಅದೇ ಮೀಟರಿಗೆ ಹತ್ತು ಸೆಕೆಂಡು ಬೇಕು. ಗಡಿಯಾರ ಹಿಡಿದು, ಒಂದೊಂದೇ ಅಂಕಿ ಏರಿಸಿ ಇಳಿಸಿ ನೋಡುತ್ತ ಕೂತರೆ ಸಂಜೆ ಸರಿದದ್ದೇ ತಿಳಿಯುವುದಿಲ್ಲ. ಥ್ರಾಟಲ್ ತಿರುಗಿಸಿದಾಗ ಮೊದಲು ಎಂಜಿನ್ನಿನ ದನಿ ಏರಿ, ಆಮೇಲೆ ಚಕ್ರ ಅಲುಗಿದರೆ ಹದ ಬಂತೆಂದು ಅರ್ಥ.

ಎಲ್ಲವೂ ಅಳತೆಗೆ ಒಗ್ಗುವುದಿಲ್ಲ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಅದಕ್ಕೆ ಮಾದರಿಯಲ್ಲಿ ಹತ್ತೊಂಬತ್ತು ಮಿಲಿಮೀಟರು ದಾಟಬೇಕು. ಅಂಗಡಿಯಲ್ಲಿ ಸಿಗುವ ಹಳಿ ಪರದೇಶದ ಗೇಜಿನದು, ಹದಿನಾರೂವರೆ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ. ಆಳೆತ್ತರ ಮೀರಿದ ಕಬ್ಬು ಇಲ್ಲಿ ಮೂರು ಸೆಂಟಿಮೀಟರು. ಬೆಟ್ಟವನ್ನು ಅಳತೆಗೆ ಕಟ್ಟಹೊರಟರೆ ಮೇಜನ್ನೇ ನುಂಗಿಬಿಡುವುದರಿಂದ ಕರಿಘಟ್ಟವನ್ನು ಹಿಂದಿನ ಗೋಡೆಗೆ ಬರೆದಿದ್ದೇನೆ. ಆಲೆಮನೆ ಹೊಗೆಯ ಮಸಿ, ರಸ್ತೆಯ ಧೂಳು ಹಳಿಗೆ ಕೂತರೆ ಅಪ್ಪಣೆ ತಲುಪದೆ ಎಂಜಿನ್ನು ಮುಗ್ಗರಿಸುತ್ತದೆ. ಹಾಗಾಗಿ ಆಡುವ ಮುನ್ನ ಹಳಿಯನ್ನೂ ಚಕ್ರವನ್ನೂ ಸ್ಪಿರಿಟಿನ ಬಟ್ಟೆಯಲ್ಲಿ ಒರೆಸುವುದು ನಿತ್ಯದ ಪೂಜೆ.

ನಿಜದ ಹಾದಿ ಜೋಡಿಯಾದದ್ದು ಒಳ್ಳೆಯದೇ ಆಯಿತು. ಆಸ್ಪತ್ರೆಗೆ, ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಆ ಕಾಯುವಿಕೆಯಲ್ಲಿ ಊರನ್ನು ಕಣ್ತುಂಬ ನೋಡುವ ಪುರುಸೊತ್ತೂ ಇತ್ತಲ್ಲ, ಅದನ್ನು ಉಳಿಸಿಕೊಳ್ಳಲು ನನ್ನ ಮೇಜಿನ ಮೇಲೆ ಒಂಟಿ ಹಳಿಯನ್ನೇ ಹಾಕಿದ್ದೇನೆ, ಜೊತೆಗೆ ಗಾಡಿ ಕಾಯಲು ಪಕ್ಕದಲ್ಲೊಂದು ಲೂಪು ಹಳಿ. ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಒಂದೇ: ಇರುವ ದುಡ್ಡನ್ನೆಲ್ಲ ಮೊದಲ ಎಂಜಿನ್ನಿಗೇ ಸುರಿಯಬೇಡಿ, ಎರಡನೆಯದಕ್ಕೂ ಉಳಿಸಿಕೊಳ್ಳಿ. ಓಡುವುದಕ್ಕೆ ಒಂದೇ ಸಾಕು. ಕಾಯಬೇಕಾದರೆ ಎದುರಿನಿಂದ ಇನ್ನೊಂದು ಬರಬೇಕು.